ಕಾಶಿದಾರ, ಕಾಶಿ ದಾರ

ಕಂಪ್ಯೂಟರಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕನ್ಸೋಲಿನ ಕಪ್ಪು ಕಿಟಕಿ. ಅಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ, ಒತ್ತಲು ಗುಂಡಿಗಳಿಲ್ಲ. ಇರುವುದು ಮಿಣುಕುವ ಕರ್ಸರ್ ಒಂದೇ. ಪ್ರೋಗ್ರಾಮು ಏನನ್ನೋ ಕೇಳುತ್ತದೆ, ಎದುರು ಕೂತವರು ಒಂದು ಪದ ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಬಂದ ಪದ ಮತ್ತು ತಾನು ಇಟ್ಟುಕೊಂಡಿರುವ ಪದ ಎರಡೂ ಒಂದೇ ಹೌದೋ ಅಲ್ಲವೋ ಎಂದು ಪ್ರೋಗ್ರಾಮು ಹೇಳಬೇಕು. ಪ್ರೋಗ್ರಾಮಿಂಗ್ ಕಲಿಯಲು ಕೂತ ಮಕ್ಕಳು ಶುರುವಿನಲ್ಲೇ ಬರೆಯುವ ನಾಲ್ಕು ಸಾಲು ಇದು. ಎಲ್ಲರೂ ಬೇಗ ದಾಟಿ ಹೋಗುವ ಈ ನಾಲ್ಕು ಸಾಲಿನ ಬಳಿಯೇ ನಾನು ಬಹಳ ಕಾಲದಿಂದ ಕೂತಿದ್ದೇನೆ. ಸಂಜೆ ಬಿಡುವು ಸಿಕ್ಕರೆ ಕೆಲವರು ವೀಣೆ ಹಿಡಿಯುತ್ತಾರೆ, ಕೆಲವರು ಚದುರಂಗದ ಹಲಗೆ ಹಾಸುತ್ತಾರೆ. ನಾನು ಕಪ್ಪು ಕಿಟಕಿ ತೆರೆದು, ಎರಡು ಪದಗಳನ್ನು ಎದುರುಬದುರು ಇಟ್ಟು ನೋಡುತ್ತೇನೆ.

ಈ ಕೆಲಸದ ಸೊಗಸು ತಿಳಿಯಬೇಕಾದರೆ ಎಂಟರ್ ಒತ್ತಿದಾಗ ಏನಾಗುತ್ತದೆ ಎಂದು ಹತ್ತಿರದಿಂದ ನೋಡಬೇಕು. ನಾವು ಟೈಪ್ ಮಾಡುತ್ತಿರುವಷ್ಟು ಹೊತ್ತೂ ಸಾಮಾನ್ಯವಾಗಿ ಪ್ರೋಗ್ರಾಮಿಗೆ ಏನೂ ತಿಳಿದಿರುವುದಿಲ್ಲ. ಸಾಲು ಪೂರ್ತಿಯಾಗುವವರೆಗೆ ಆಪರೇಟಿಂಗ್ ಸಿಸ್ಟಂ ಅಕ್ಷರಗಳನ್ನು ತನ್ನ ಬಳಿಯೇ ಹಿಡಿದಿಟ್ಟುಕೊಂಡಿರುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿ ಅಳಿಸಿದ್ದು, ಮತ್ತೆ ಬರೆದದ್ದು ಯಾವುದೂ ಪ್ರೋಗ್ರಾಮಿನ ಕಿವಿಗೆ ಬೀಳುವುದಿಲ್ಲ. ಎಂಟರ್ ಒತ್ತಿದ ಮೇಲೆ ಇಡೀ ಸಾಲು ಒಟ್ಟಿಗೆ ಬರುತ್ತದೆ, ಜೊತೆಗೆ ಆ ಎಂಟರ್‌ನ ಗುರುತೂ ಬರುತ್ತದೆ.

ಸಿ ಭಾಷೆಯಲ್ಲಿ ಎಫ್‌ಗೆಟ್ಸ್ ಎಂಬ ಫಂಕ್ಷನ್ ಬಳಸಿ ‘ಕಾಶಿ’ ಎಂಬ ಪದವನ್ನು ಓದಿಕೊಳ್ಳೋಣ. ಕ, ದೀರ್ಘದ ಗುರುತು, ಶ, ಗುಡಿಸು — ಯೂನಿಕೋಡಿನ ಲೆಕ್ಕದಲ್ಲಿ ನಾಲ್ಕು ಸಂಕೇತ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 12. ಹದಿಮೂರನೆಯದಾಗಿ ಹೊಸ ಸಾಲಿನ ಗುರುತು ಬಂದು ಕೂತಿರುತ್ತದೆ, ಅದರ ಸಂಖ್ಯೆ 10. ಪ್ರೋಗ್ರಾಮಿನೊಳಗೆ ಬರೆದಿಟ್ಟ ‘ಕಾಶಿ’ಯಲ್ಲಿ ಅದೇ ಜಾಗದಲ್ಲಿರುವುದು ಪದ ಮುಗಿಯಿತು ಎಂದು ಹೇಳುವ ಸೊನ್ನೆ. ಸ್ಟ್ರ್‌ಕಂಪ್ ಎಂಬ ಫಂಕ್ಷನ್ ಎರಡನ್ನೂ ಬೈಟಿಗೆ ಬೈಟ್ ಹೋಲಿಸುತ್ತಾ ಬಂದು, ಹನ್ನೆರಡು ಕಡೆ ಹೌದೆಂದು, ಹದಿಮೂರರಲ್ಲಿ ನಿಂತುಬಿಡುತ್ತದೆ. ಪರದೆಯ ಮೇಲೆ ಎರಡೂ ಕಾಶಿಯೇ. ಒಳಗಡೆ ಅವು ಬೇರೆ ಬೇರೆ. ಕೊನೆಯ ಆ ಗುರುತನ್ನು ಕತ್ತರಿಸಿ ಹಾಕಿದರೆ ಸ್ಟ್ರ್‌ಕಂಪ್ ಸೊನ್ನೆಯನ್ನು ಕೊಡುತ್ತದೆ. ವ್ಯತ್ಯಾಸ ಸೊನ್ನೆಯಾದದ್ದೇ ಸಮ ಎಂಬ ಆ ಲೆಕ್ಕ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಇದೇ ಸಿಯಲ್ಲಿ ಎರಡು ಸಮಚಿಹ್ನೆ ಹಾಕಿ, ==, ಕೇಳಿದರೆ ಉತ್ತರ ಬೇರೆ. ಅದು ಪದಗಳನ್ನು ನೋಡುವುದೇ ಇಲ್ಲ, ಮೆಮೊರಿಯಲ್ಲಿ ಅವು ಇರುವ ವಿಳಾಸಗಳನ್ನು ನೋಡುತ್ತದೆ. ಜಾವಾದಲ್ಲೂ ಹಾಗೆಯೇ. ಪ್ರೋಗ್ರಾಮಿನೊಳಗೆ ಎರಡು ಕಡೆ ಒಂದೇ ಪದ ಬರೆದಿದ್ದರೆ ಜಾವಾ ಅದನ್ನು ಒಂದೇ ಜಾಗದಲ್ಲಿ ಇಟ್ಟುಕೊಳ್ಳುವುದರಿಂದ == ಹೌದೆನ್ನುತ್ತದೆ. ಕೀಲಿಮಣೆಯಿಂದ ಬಂದ ಪದಕ್ಕೆ ಜಾಗ ಬೇರೆ, ಆದ್ದರಿಂದ ಅಲ್ಲವೆನ್ನುತ್ತದೆ. ಅಲ್ಲಿ ಈಕ್ವಲ್ಸ್ ಎಂದು ಕೇಳಬೇಕು. ಪೈಥಾನಿನಲ್ಲಿ == ಪದದ ಒಳಗನ್ನೇ ಹೋಲಿಸುತ್ತದೆ, ಇನ್‌ಪುಟ್ ಫಂಕ್ಷನ್ ಎಂಟರ್‌ನ ಗುರುತನ್ನು ತಾನೇ ತೆಗೆದುಹಾಕಿ ಕೊಡುತ್ತದೆ. ‘ಒಂದೇ ಜಾಗವೇ?’ ಮತ್ತು ‘ಒಂದೇ ರೂಪವೇ?’ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಹಿಡಿಯಲು ಕಲಿಸಿದ್ದು ನನಗೆ ಈ ಸಣ್ಣ ಚಿಹ್ನೆಯೇ.

ಆದರೆ ಮೂರನೆಯ ಪ್ರಶ್ನೆಯೊಂದಿದೆ: ಟೈಪ್ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಅದೇನಾ? ಅದರ ರುಚಿ ನನಗೆ ಹತ್ತಿದ್ದು ಬನಾರಸಿನ ವಿಶ್ವನಾಥ ಗಲ್ಲಿಯಲ್ಲಿ.

ದಶಾಶ್ವಮೇಧದ ಕಡೆಯಿಂದ ದೇವಸ್ಥಾನದತ್ತ ಸಾಗುವ ಆ ಇಕ್ಕಟ್ಟಾದ ದಾರಿಯ ಎರಡೂ ಬದಿಗೆ ಅಂಗಡಿಗಳು. ಬಳೆ, ಕುಂಕುಮ, ರುದ್ರಾಕ್ಷಿ, ಹಿತ್ತಾಳೆಯ ಮೂರ್ತಿ, ಬಣ್ಣ ಬಳಿದ ಮರದ ಆಟಿಕೆ, ಬಾಯಿ ಮುಚ್ಚಿ ಬೆಸುಗೆ ಹಾಕಿದ ಗಂಗೆಯ ಗಿಂಡಿ. ನಮ್ಮ ಕಡೆಯ ಯಾತ್ರಿಕರು ಬಂದರೆ ಕಾಶಿದಾರ ಕೊಳ್ಳದೆ ಹೋಗುವುದಿಲ್ಲ, ಊರಿನಲ್ಲಿ ಮನೆಮನೆಗೂ ಹಂಚಬೇಕಲ್ಲ. ನನಗೆ ಪರಿಚಯದ ಅಂಗಡಿಯವರೊಬ್ಬರು ಅಲ್ಲಿದ್ದಾರೆ. ನಾನು ಅವರನ್ನು ಭೈಯಾ ಅನ್ನುತ್ತೇನೆ, ಅವರು ಬನಾರಸಿನವರ ರೂಢಿಯಂತೆ ನನ್ನನ್ನು ಗುರು ಅನ್ನುತ್ತಾರೆ. ಕನ್ನಡದ ಹೆಂಗಸರು ಕಂಡರೆ ‘ಬನ್ನಿ ಅಮ್ಮ’ ಎಂದು ಕರೆಯುವಷ್ಟು ಕನ್ನಡ ಅವರಿಗೆ ಬರುತ್ತದೆ. ಅವರ ಹಳೆಯ ಲ್ಯಾಪ್‌ಟಾಪಿಗೆ ನಾನೊಂದು ಚಿಕ್ಕ ಕನ್ಸೋಲ್ ಪ್ರೋಗ್ರಾಮ್ ಬರೆದುಕೊಟ್ಟೆ. ಸಾಮಾನಿನ ಹೆಸರು ಟೈಪ್ ಮಾಡಿದರೆ ಎಷ್ಟು ಉಳಿದಿದೆ, ಯಾವ ಊರಿಗೆ ಪಾರ್ಸೆಲ್ ಹೋಗಬೇಕು ಎಂದು ತೋರಿಸುವುದು ಅದರ ಕೆಲಸ.

“ಗುರು, ದಾರ ಇದೆಯಲ್ಲ ಕೈಯಲ್ಲೇ, ಇದು ಇಲ್ಲ ಅನ್ನುತ್ತದಲ್ಲ?” ಎಂದು ಅವರು ಕೇಳಿದಾಗ ಪರದೆ ನೋಡಿದೆ. ಪಟ್ಟಿಯಲ್ಲಿ ಇದ್ದದ್ದು ‘ಕಾಶಿದಾರ’. ಅವರ ಮಗ ಟೈಪ್ ಮಾಡಿದ್ದು ‘ಕಾಶಿ ದಾರ’. ನಡುವೆ ಒಂದು ಖಾಲಿ ಜಾಗ.

“ಭೈಯಾ, ಅದಕ್ಕೆ ಜಾಗ ಬಿಟ್ಟದ್ದೂ ಒಂದು ಅಕ್ಷರವೇ.”

“ಖಾಲಿ ಜಾಗ ಅಕ್ಷರ ಹೇಗಾಗುತ್ತದೆ ಗುರು?”

ಆ ಪ್ರಶ್ನೆಯ ಹಿಂದೆ ಇಡೀ ವಿದ್ಯೆಯೇ ಇದೆ. ಮುಂದಿನ ಜಾಗ, ಹಿಂದಿನ ಜಾಗ, ನಡುವಿನ ಜಾಗ ಮೂರನ್ನೂ ಬೇರೆ ಬೇರೆಯಾಗಿ ಯೋಚಿಸಬೇಕು. ತುದಿಗಳಲ್ಲಿರುವುದನ್ನು ಸಾಮಾನ್ಯವಾಗಿ ಕಣ್ಣುಮುಚ್ಚಿ ತೆಗೆಯಬಹುದು, ಇಂಥ ಕಡೆ ಅದನ್ನು ಯಾರೂ ಬೇಕೆಂದು ಹಾಕಿರುವುದಿಲ್ಲ. ನಡುವಿನದನ್ನು ತೆಗೆಯಬೇಕೇ ಎಂಬುದು ಕೆಲಸದ ಮೇಲೆ ನಿಂತಿದೆ. ಸಾಮಾನಿನ ಹೆಸರಿಗೆ ತೆಗೆದರೆ ನಷ್ಟವಿಲ್ಲ.

ವಿಳಾಸಗಳ ಕಥೆ ಇನ್ನೂ ಸೊಗಸು. ಹಳೆಯ ಬನಾರಸಿನ ಮನೆ ನಂಬರಿಗೆ ಮುಂದೆ ವಾರ್ಡಿನ ಅಕ್ಷರಗಳಿರುತ್ತವೆ. ಚೌಕಿಗೆ ಸಿಕೆ, ದಶಾಶ್ವಮೇಧಕ್ಕೆ ಡಿ, ಭೇಲೂಪುರಕ್ಕೆ ಬಿ. ಆಮೇಲೆ ಓರೆಗೆರೆ ಹಾಕಿ ಎರಡು ಸಂಖ್ಯೆ. ಇದನ್ನು ಒಬ್ಬರು ಚುಕ್ಕಿ ಇಟ್ಟು ಬರೆಯುತ್ತಾರೆ, ಒಬ್ಬರು ಚುಕ್ಕಿ ಬಿಟ್ಟು. ಕೆಲವರು ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಕೆಲವರು ಸಣ್ಣಕ್ಷರದಲ್ಲಿ, ಇನ್ನು ಕೆಲವರು ನಾಗರಿಯಲ್ಲಿ. ಅಂಚೆಯವರು ಯಾವುದನ್ನೂ ಎರಡನೇ ಸಲ ನೋಡದೆ ಮನೆ ಮುಟ್ಟಿಸುತ್ತಾರೆ. ಅವರ ಕಣ್ಣಿನಲ್ಲಿ ಇರುವ ಆ ತಿಳಿವಳಿಕೆಯನ್ನು ಒಂದೊಂದೇ ಸಾಲಾಗಿ ಪ್ರೋಗ್ರಾಮಿಗೆ ಬರೆದು ಕೊಡುವುದೇ ನನ್ನ ಸಂಜೆಯ ಸುಖ.

ನಮ್ಮ ಲಿಪಿಗಳಿಗೆ ಬಂದರೆ ಆ ಸುಖ ಇಮ್ಮಡಿಯಾಗುತ್ತದೆ. ‘ವಿಶ್ವೇಶ್ವರ’ ಎಂಬ ಹೆಸರನ್ನು ನೋಡಿ. ಅದರ ‘ಶ್ವೇ’ಯಲ್ಲಿರುವ ಏತ್ವವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಇಡಿಯಾಗಿ ಒಂದೇ ಸಂಕೇತ, ಇಲ್ಲವೇ ಎತ್ವ ಮತ್ತು ದೀರ್ಘದ ಗುರುತು ಎಂದು ಎರಡು. ಮೊದಲನೆಯದರಲ್ಲಿ ಇಡೀ ಹೆಸರು 10 ಸಂಕೇತ, 30 ಬೈಟ್. ಎರಡನೆಯದರಲ್ಲಿ 11 ಸಂಕೇತ, 33 ಬೈಟ್. ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, == ಮಾತ್ರ ಅಲ್ಲವೆನ್ನುತ್ತದೆ. ಇದಕ್ಕೆಂದೇ ಯೂನಿಕೋಡಿನಲ್ಲಿ ನಾರ್ಮಲೈಸೇಶನ್ ಎಂಬ ನಿಯಮವಿದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಎನ್‌ಎಫ್‌ಸಿ ಎಂಬ ರೂಪ ಕನ್ನಡದ ಈ ಬಿಡಿ ಗುರುತುಗಳನ್ನು ಕೂಡಿಸಿ ಒಂದಾಗಿಸುತ್ತದೆ.

ವಿಶ್ವನಾಥ ಗಲ್ಲಿಯ ನೆರೆಯಲ್ಲೇ ಕಚೌಡಿ ಗಲ್ಲಿ ಇದೆ. ಹಿಂದಿಯಲ್ಲಿ ಅದರ ‘ಡಿ’ಯ ಕೆಳಗೆ ನುಕ್ತಾ ಎಂಬ ಚುಕ್ಕಿ ಬರುತ್ತದೆ. ಅದನ್ನೂ ಎರಡು ರೀತಿ ಬರೆಯಬಹುದು: ಚುಕ್ಕಿಸಹಿತವಾದ ಒಂದೇ ಸಂಕೇತ, ಇಲ್ಲವೇ ಅಕ್ಷರ ಬೇರೆ, ಚುಕ್ಕಿ ಬೇರೆ. ಅದೇ ಎನ್‌ಎಫ್‌ಸಿಗೆ ಕೊಟ್ಟರೆ ಇಲ್ಲಿ ಅದು ಕೂಡಿಸುವುದಿಲ್ಲ, ಬಿಡಿಸಿಡುತ್ತದೆ; ನಾಗರಿಯ ಆ ಇಡಿ ಅಕ್ಷರಗಳನ್ನು ಕೂಡಿಸುವ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ಒಂದೇ ನಿಯಮ ಕನ್ನಡವನ್ನು ಒಂದುಗೂಡಿಸಿ, ಹಿಂದಿಯನ್ನು ಬಿಡಿಸಿ, ಕೊನೆಗೆ ಎರಡು ಕಡೆಯೂ ನ್ಯಾಯ ಮಾಡುತ್ತದೆ. ಏಕೆಂದರೆ ಬೇಕಾದದ್ದು ಕೂಡಿದ ರೂಪವೋ ಬಿಡಿ ರೂಪವೋ ಎಂಬುದಲ್ಲ, ಎರಡೂ ಪದ ಒಂದೇ ರೂಪಕ್ಕೆ ಬರುವುದು.

ಕಾಣದ ಅಕ್ಷರಗಳೂ ಇವೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ಗೆ ‘ಕು’ ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ಅಗಲವೇ ಇಲ್ಲದ ಒಂದು ಗುರುತು ಬೇಕು. ಕೆಲವು ಕೀಲಿಮಣೆಗಳು ಅದನ್ನು ಪದದ ಕೊನೆಯಲ್ಲೂ ಹಾಕಿಬಿಡುತ್ತವೆ. ಆಗ ‘ಬನಾರಸ್’ ಎಂಬುದರ ಕೊನೆಗೆ ಯಾರ ಕಣ್ಣಿಗೂ ಕಾಣದ ಒಂದು ಬಾಲ. ತುದಿಗಳ ಖಾಲಿ ಜಾಗ ತೆಗೆಯುವ ಪೈಥಾನಿನ ಸ್ಟ್ರಿಪ್‌ಗೆ ಅದು ಖಾಲಿ ಜಾಗವಲ್ಲ, ಎನ್‌ಎಫ್‌ಸಿಯೂ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಬೇರೆಯೇ ಒಂದು ಸಾಲು ಬರೆಯಬೇಕು.

ಅಂಕಿಗಳ ವಿಷಯದಲ್ಲಿ ಪೈಥಾನ್ ಮನಸ್ಸು ಗೆದ್ದಿದೆ. ಕನ್ನಡದ ‘೫’, ನಾಗರಿಯ ಐದು, ಇಂಗ್ಲಿಷಿನ ‘5’ ಇವು ಪದಗಳಾಗಿ ಒಂದಕ್ಕೊಂದು ಸಮವಲ್ಲ. ಇಂಟ್ ಫಂಕ್ಷನ್ನಿಗೆ ಕೊಟ್ಟರೆ ಮೂರೂ ಒಂದೇ ಐದು. ‘05’ ಕೂಡ ಅಷ್ಟೇ. ಸಂಖ್ಯೆ ಬೇಕಾದ ಕಡೆ ಸಂಖ್ಯೆಯನ್ನಾಗಿ ಮಾಡಿಯೇ ಹೋಲಿಸಬೇಕು.

ಅಕ್ಷರಕ್ಕೆ ಅಕ್ಷರ ಇಟ್ಟು ನೋಡುವ ಈ ಹುಚ್ಚು ಬನಾರಸಿಗೆ ಹೊಸದಲ್ಲ. 1820ರಲ್ಲಿ ಇಲ್ಲಿನ ಟಂಕಸಾಲೆಗೆ ಬಂದ ಜೇಮ್ಸ್ ಪ್ರಿನ್ಸೆಪ್ ಹತ್ತು ವರ್ಷ ಈ ಊರಿನಲ್ಲಿದ್ದು, ಇಲ್ಲಿನ ಗಲ್ಲಿಗಳ ನಕ್ಷೆ ಬರೆದವನು. ಮುಂದೆ ಕಲ್ಕತ್ತೆಯಲ್ಲಿ, 1837ರಲ್ಲಿ, ಸಾಂಚಿಯ ಚಿಕ್ಕ ಚಿಕ್ಕ ಶಾಸನಗಳ ಪಡಿಯಚ್ಚುಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ ಅವನಿಗೆ ಕಂಡದ್ದು, ಬಹುಪಾಲು ಸಾಲುಗಳ ಕೊನೆಯ ಎರಡು ಅಕ್ಷರಗಳು ಒಂದೇ ಎಂಬುದು. ಭಕ್ತರು ಕೊಟ್ಟ ಕಾಣಿಕೆಯ ಬರಹವಾದ್ದರಿಂದ ಅದು ‘ದಾನಂ’ ಇರಬೇಕು ಎಂದು ಊಹಿಸಿದ, ಆ ಊಹೆ ಬ್ರಾಹ್ಮೀ ಲಿಪಿಯ ಬಾಗಿಲು ತೆರೆಯಿತು. ಸಾಲಿನ ಕೊನೆಯಲ್ಲಿ ಏನಿದೆ ಎಂದು ನೋಡುವ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಫಲ ಬೇಕೇ?

ಲಿಪಿ ತಿಳಿದ ಮೇಲೂ ಇನ್ನೊಂದು ಹೋಲಿಕೆ ಉಳಿದಿತ್ತು. ಶಾಸನಗಳ ‘ದೇವಾನಂಪಿಯ ಪಿಯದಸಿ’ ಯಾರು? ಸಿಂಹಳದ ಪಾಳಿ ಗ್ರಂಥಗಳ ಬಲದಿಂದ ಅವನು ಅಶೋಕನೇ ಎಂದು ವಿದ್ವಾಂಸರು ಹೇಳಿದರು. ಆದರೆ ಎರಡೂ ಹೆಸರನ್ನು ಒಟ್ಟಿಗೆ ಇಟ್ಟ ಶಾಸನ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಬಂಡೆಯ ಮೇಲೆ. ದೇವಾನಂಪಿಯನೂ ಅಶೋಕನೂ ಒಬ್ಬನೇ ಎಂದು ಆ ಬಂಡೆ ಹೇಳಿತು. ಅಕ್ಷರಗಳನ್ನು ಎಷ್ಟು ಹೋಲಿಸಿದರೂ ಆ ಎರಡು ಹೆಸರು ಸಮವಾಗುತ್ತಿರಲಿಲ್ಲ, ಅದಕ್ಕೆ ಸಾಕ್ಷಿಯೇ ಬೇಕಿತ್ತು. ಭೈಯಾನ ಪಾರ್ಸೆಲ್ ಪಟ್ಟಿಯಲ್ಲಿ ಕಾಶಿ, ಬನಾರಸ್, ವಾರಾಣಸಿ ಮೂರೂ ಒಂದೇ ಊರು ಎಂದು ನಾನು ಬರೆದಿಟ್ಟ ಪಟ್ಟಿಯೂ ಅಂಥದ್ದೇ ಸಾಕ್ಷಿ. ಅದನ್ನು ಯಂತ್ರ ತಾನಾಗಿ ಕಂಡುಕೊಳ್ಳುವುದಿಲ್ಲ, ತಿಳಿದವರು ಬರೆದುಕೊಡಬೇಕು.

ಹಾಗೆಂದು ಎಲ್ಲವನ್ನೂ ಸಮ ಎಂದುಬಿಡುವುದೂ ಸಲ್ಲ. ‘ಹರ’ ಮತ್ತು ‘ಹರಿ’ ನಡುವೆ ಒಂದು ಗುಡಿಸಿನ ಅಂತರ, ‘ಅನ್ನ’ ಮತ್ತು ‘ಅಣ್ಣ’ ನಡುವೆ ನಾಲಗೆಯ ಒಂದು ಮಡಿಕೆ. ಇವನ್ನು ಒಂದು ಮಾಡುವ ಪ್ರೋಗ್ರಾಮು ಯಾರಿಗೂ ಬೇಡ. ಪಾಸ್‌ವರ್ಡಿನಲ್ಲಿ ಖಾಲಿ ಜಾಗಕ್ಕೂ ಬೆಲೆಯಿದೆ, ಅಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೆರೆಸುವಂತಿಲ್ಲ. ಅಕ್ಕಿ ಆರಿಸುವವರು ಕಲ್ಲು ಬಿಡುವುದಿಲ್ಲ, ಅಕ್ಕಿ ಚೆಲ್ಲುವುದೂ ಇಲ್ಲ. ಇಲ್ಲಿ ಬೇಕಾದದ್ದು ಅದೇ ಕೈ. ಕೀಲಿಮಣೆ ಸೇರಿಸಿದ್ದನ್ನು ತೆಗೆಯಬೇಕು, ಮನುಷ್ಯ ಹೇಳಿದ್ದನ್ನು ಉಳಿಸಿಕೊಳ್ಳಬೇಕು.

ಸಮಚಿಹ್ನೆಯ ಸಹವಾಸದಲ್ಲಿ ನಾನು ಕಂಡುಕೊಂಡದ್ದು ಇದು: ಎರಡು ಪದ ಸಮವೋ ಅಲ್ಲವೋ ಎಂದು ಯಂತ್ರ ನಿರ್ಧರಿಸುವುದಿಲ್ಲ. ಯಾವುದರಲ್ಲಿ ಸಮವಾದರೆ ಸಾಕು ಎಂದು ಬರೆಯುವವರು ಮೊದಲೇ ತೀರ್ಮಾನಿಸಿರುತ್ತಾರೆ, ಯಂತ್ರ ಆ ಮಾತನ್ನು ನಡೆಸಿಕೊಡುತ್ತದೆ. ಸರಿಯಾದ ಉತ್ತರ ಕೊಟ್ಟವರಿಗೆ ಒಂದು ಖಾಲಿ ಜಾಗದ ನೆಪದಲ್ಲಿ ‘ತಪ್ಪು’ ಎಂದರೆ ಅದು ಎದುರು ಕೂತವರಿಗೆ ತೋರಿದ ಅಗೌರವ. ಆ ಅಗೌರವ ಯಂತ್ರದ್ದಲ್ಲ, ಬರೆದವರದು.

ನೀವು ಪ್ರೋಗ್ರಾಮ್ ಬರೆಯುವವರಾದರೆ, ಮಕ್ಕಳಿಗೆ ಕಲಿಸುವವರಾದರೆ, ನನ್ನದೊಂದು ಕೋರಿಕೆ. ಈ ನಾಲ್ಕು ಸಾಲನ್ನು ಅವಸರದಲ್ಲಿ ದಾಟಬೇಡಿ. ಕೀಲಿಮಣೆಯಿಂದ ಬಂದದ್ದರ ತುದಿಗಳನ್ನು ಕತ್ತರಿಸಿ, ಎರಡೂ ಪದಗಳನ್ನು ಒಂದೇ ರೂಪಕ್ಕೆ ತನ್ನಿ, ಆಮೇಲೆ ಹೋಲಿಸಿ. ಪರೀಕ್ಷೆಗೆ ಇಂಗ್ಲಿಷ್ ಹೆಸರುಗಳಷ್ಟನ್ನೇ ಕೊಟ್ಟು ಸುಮ್ಮನಾಗದೆ, ಏತ್ವ ಓತ್ವಗಳಿರುವ, ಒತ್ತಕ್ಷರಗಳಿರುವ ನಿಮ್ಮ ಮನೆಯವರ ಹೆಸರುಗಳನ್ನೇ ಕನ್ನಡದಲ್ಲಿ ಕೊಟ್ಟು ನೋಡಿ. ಅವು ದಾಟಿದರೆ ನಿಮ್ಮ ಪ್ರೋಗ್ರಾಮು ನಮ್ಮ ಜನಕ್ಕೆ ಸಿದ್ಧವಾಯಿತು ಎಂದು ಧೈರ್ಯವಾಗಿ ಹೇಳಬಹುದು.