ಒಂದು ಮೊಳ ಮಲ್ಲಿಗೆ

ಶನಿವಾರ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ದೇವರಾಜ ಮಾರುಕಟ್ಟೆಗೆ ಹೊಕ್ಕು ನೂರು ಗ್ರಾಂ ಬಿಡಿ ಮಲ್ಲಿಗೆ ಮೊಗ್ಗು ತರುತ್ತೇನೆ. ಹೂವಮ್ಮ ಪ್ರತಿ ಸಲವೂ, ‘ಕಟ್ಟಿದ್ದೇ ಐತಲ್ಲ ಸ್ವಾಮಿ, ಎಷ್ಟು ಮೊಳ ಕೊಡ್ಲಿ?’ ಅನ್ನುತ್ತಾಳೆ. ಬೇಡ ಅಂದರೆ, ‘ಅಮ್ಮಾವ್ರು ಕಟ್ತಾರೇನೋ’ ಎಂದು ತಾನೇ ಸಮಾಧಾನ ಮಾಡಿಕೊಂಡು ತೂಗುತ್ತಾಳೆ. ಕಟ್ಟುವವನು ನಾನೇ ಎಂದು ಇನ್ನೂ ಬಾಯಿ ಬಿಟ್ಟಿಲ್ಲ.

ಕಲಿಸಿದವಳು ಅಜ್ಜಿ. ಗಂಡುಹುಡುಗನಿಗೂ ಹೂ ಕಟ್ಟಲು ಬರಬೇಕೆಂಬ ದೊಡ್ಡ ವಿಚಾರವೇನೂ ಅವಳಿಗಿರಲಿಲ್ಲ. ಬೇಸಿಗೆ ರಜೆಯಲ್ಲಿ ನನ್ನನ್ನು ಒಂದು ಕಡೆ ಕೂರಿಸಬೇಕಿತ್ತು, ಅಷ್ಟೆ. ಹಿತ್ತಲ ಬಾಳೆಯ ಒಣಗಿದ ಪಟ್ಟೆಯನ್ನು ನೀರಲ್ಲಿ ನೆನೆಹಾಕಿ, ಉಗುರಿನಿಂದ ಎಳೆ ಎಳೆಯಾಗಿ ಸೀಳುವುದು ಮೊದಲ ಪಾಠ. ಒದ್ದೆ ನಾರು ಹೂವಿನ ಕತ್ತು ಕೊಯ್ಯುವುದಿಲ್ಲ. ನನಗೆ ಈಗ ಹಿತ್ತಲಿಲ್ಲ, ದಾರವನ್ನೇ ಒದ್ದೆ ಮಾಡಿಕೊಳ್ಳುತ್ತೇನೆ.

ಎರಡು ಮೊಗ್ಗು ಈ ಕಡೆ ಮುಖ, ಎರಡು ಆ ಕಡೆ ಮುಖ. ತೊಟ್ಟುಗಳು ನಡುವೆ ಒಂದರ ಮೇಲೊಂದು ಕೂರಬೇಕು. ಎಡಗೈಯ ಎರಡು ಬೆರಳಲ್ಲಿ ಅವನ್ನು ಹಿಡಿದು, ನಾರನ್ನು ಒಂದು ಸುತ್ತು ತಂದು, ಬಲಗೈ ಬೆರಳಲ್ಲಿ ಕುಣಿಕೆ ಮಾಡಿ, ತೊಟ್ಟಿನ ಮೇಲೆ ಇಳಿಸಿ ಎಳೆಯಬೇಕು. ಆ ಎಳೆತದಲ್ಲೇ ಇದೆ ಎಲ್ಲ. ನನ್ನ ಮೊದಲ ದಂಡೆಯನ್ನು ಹೆಮ್ಮೆಯಿಂದ ಎತ್ತಿ ಹಿಡಿದರೆ ಮೊಗ್ಗೆಲ್ಲ ನೆಲಕ್ಕೆ ಉದುರಿ, ಕೈಯಲ್ಲಿ ನಾರೊಂದೇ ಉಳಿಯಿತು. ಎರಡನೆಯದನ್ನು ಸಿಟ್ಟಿನಿಂದ ಬಿಗಿದೆ. ‘ಏನೋ, ಕಳ್ಳನ್ನ ಕಟ್ಟಿಹಾಕ್ತಿದ್ದೀಯಾ?’ ಅಂದಳು ಅಜ್ಜಿ.

ಮಲ್ಲಿಗೆ ಸಂಜೆ ಬಿರಿಯುವ ಹೂ. ಅದಕ್ಕೆ ಮೊದಲೇ ಕಟ್ಟಿ ಮುಗಿಸಬೇಕು. ಆದರೂ ಅಜ್ಜಿಗೆ ಅವಸರವೆಂಬುದಿರಲಿಲ್ಲ. ಕೈಗೆ ಕೆಲಸವಿದ್ದಾಗ ಬಾಯಿ ಸಡಿಲ. ಅವಳ ಮದುವೆಯ ಹಿಂದಿನ ರಾತ್ರಿ ಹೂವಾಡಿಗ ಕೈಕೊಟ್ಟು, ಮದುವಣಗಿತ್ತಿಯೇ ಲಾಟೀನಿನ ಬೆಳಕಲ್ಲಿ ಕೂತು ತನ್ನ ಜಡೆಯ ದಂಡೆ ಕಟ್ಟಿಕೊಂಡ ಕಥೆ ನಾನು ಕೇಳಿದ್ದು ಹೀಗೆ, ಅವಳ ಮುಖ ನೋಡದೆ, ಬುಟ್ಟಿ ನೋಡುತ್ತ.

ಅಳತೆಯದೇ ಬೇರೆ ಪುರಾಣ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಸರಿ, ಯಾರ ಮೊಣಕೈ? ಉಡುಪಿಯ ಶಂಕರಪುರದ ಕಡೆಯವರು ಈ ಜಗಳಕ್ಕೇ ಎಡೆಗೊಡಲಿಲ್ಲ. ಅಲ್ಲಿ ಸುಮಾರು 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಲೆಕ್ಕ ಪಕ್ಕಾ. ಆದರೆ ‘ಇನ್ನೊಂದು ಗೇಣು ಬಿಡಮ್ಮ’ ಅನ್ನಲಾಗದ ಹೂವಿನ ವ್ಯಾಪಾರ ನನಗೆ ಯಾಕೋ ಸಪ್ಪೆ. ಅವರ ಉಡುಪಿ ಮಲ್ಲಿಗೆಗೂ ನಮ್ಮ ಮೈಸೂರು ಮಲ್ಲಿಗೆಗೂ ಅತ್ತ ಹಡಗಲಿಯದಕ್ಕೂ ಜಿಐ ಟ್ಯಾಗ್ ಸಿಕ್ಕಿದೆ. ಮೊಳಕ್ಕೆ ಮಾತ್ರ ಯಾರೂ ಮುದ್ರೆ ಒತ್ತಿಲ್ಲ.

ಅಜ್ಜಿ ಇದರ ಪೂರ್ತಿ ಲಾಭ ಪಡೆದಳು. ದೇವರಿಗಾದರೆ ತನ್ನ ಮೊಳ. ತವರಿಗೆ ಬಂದ ಮಗಳು ಹೊರಟುನಿಂತರೆ, ಪೇಪರ್ ಓದುತ್ತಿದ್ದ ತಾತನನ್ನು ಕರೆಸಿ ಅವರ ನೀಳ ತೋಳಲ್ಲಿ ಅಳೆಯುವಳು. ಪಕ್ಕದ ಮನೆಯವರು ಕೇಳಿದರೆ, ‘ಪುಟ್ಟಾ, ಕೈ ಚಾಚು’ ಎಂದು ನನ್ನನ್ನು ಕೂಗುವಳು. ಆಗ ನನಗೆ ಎಂಟು ವರ್ಷ.

ಈಗ ಕಟ್ಟಿದ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುತ್ತೇನೆ. ಮರುದಿನದ ಕಾಫಿಯೂ ಒಂದಿಷ್ಟು ಘಮ್ಮೆನ್ನುತ್ತದೆ ಎಂದು ಹೆಂಡತಿಯ ದೂರು. ಅಜ್ಜಿಯ ಪಟ ಚಿಕ್ಕದು. ನನ್ನ ಕೈಯಳತೆಯ ಒಂದು ಮೊಳ ಹಾಕಿದರೆ ಎರಡೂ ಕಡೆ ಜೋತುಬೀಳುತ್ತದೆ. ಕತ್ತರಿಸುವುದಿಲ್ಲ. ಕೆಳಗಿನ ಮನೆಯವರು ಕೇಳಿದಾಗ ಮಾತ್ರ ಮಗಳನ್ನು ಕೂಗುತ್ತೇನೆ.