ಹುಲ್ಲು ಹೋದ ಮೇಲೆ

ಮಾರ್ಗಶಿರದ ಒಂದು ಮುಂಜಾನೆ ನಿವೃತ್ತ ಶಾಲಾ ಮೇಷ್ಟರೊಬ್ಬರು ಹತ್ತು ವರುಷದ ಮೊಮ್ಮಗಳ ಕೈ ಹಿಡಿದು ಜೋಗಿಮಟ್ಟಿಯ ನೆತ್ತಿಗೆ ಬಂದು ನಿಂತರು. ದುರ್ಗದ ಬಿಸಿಲನ್ನು ಮಾತ್ರ ಬಲ್ಲವರು ಈ ನೆತ್ತಿಯ ಚಳಿಯನ್ನು ಹೇಳಿದರೆ ನಂಬಲಾರರು. ಕಲ್ಲಿನ ಕೋಟೆಯ ಊರಿಗೆ ಇಷ್ಟು ಸಮೀಪದಲ್ಲಿ ಮಂಜು ಮರದಿಂದ ಮರಕ್ಕೆ ತೇಲುತ್ತಿತ್ತು. ಗಾಳಿ ಕಿವಿಯನ್ನು ಕೊರೆಯುತ್ತಿತ್ತು. ಮೇಷ್ಟರು ಮಫ್ಲರನ್ನು ಬಿಗಿದು ಕಟ್ಟಿಕೊಂಡರು. ಅವರ ಜೇಬಿನಲ್ಲಿ ಹಿಂದಿನ ದಿನ ಬಂದಿದ್ದ ಒಂದು ಕಾಗದವಿತ್ತು. ಊರಿನ ಕಾವಲಿನಲ್ಲಿ ಉಳಿದಿರುವ ಖಾಲಿ ಜಾಗದಲ್ಲಿ ಸಸಿ ನೆಡುವ ಸಮಾರಂಭ. ಮೊದಲ ಸಸಿಯನ್ನು ಹಿರಿಯರಾದ ಅವರೇ ನೆಡಬೇಕೆಂದು ಕೋರಿಕೆ.

“ತಾತ, ಮ್ಯಾಮತ್ ಇಲ್ಲಿಗೆ ಬಂದಿದ್ದರೆ ಬದುಕುತ್ತಿತ್ತೋ ಏನೋ!” ಎಂದಳು ಹುಡುಗಿ, ನಡುಗುತ್ತಲೇ.

ಅವಳ ಪುಸ್ತಕದಲ್ಲಿ ಆ ಪ್ರಾಣಿಯ ಚಿತ್ರವಿತ್ತು. ಮೈತುಂಬ ನೀಳವಾದ ಕೂದಲು, ಸುರುಳಿಯಾಗಿ ಬಾಗಿದ ದಂತ. ನಮ್ಮ ಆನೆಗೆ ದಾಯಾದಿ. ಅಷ್ಟು ದೊಡ್ಡದನ್ನು ಕೊಂದವರು ಯಾರೆಂಬುದು ಅವಳ ಪ್ರಶ್ನೆ.

ಪ್ರಶ್ನೆ ಬಂದರೆ ಸುಮ್ಮನಿರುವುದು ಮೇಷ್ಟರ ಜಾಯಮಾನವಲ್ಲ. ಬಂಡೆಯ ಮೇಲೆ ಕುಳಿತು ಹೇಳತೊಡಗಿದರು. ಮ್ಯಾಮತ್ ನಮ್ಮ ಸೀಮೆಗೆ ಬಂದದ್ದಲ್ಲ. ಉತ್ತರದ ಶೀತ ದೇಶಗಳದು. ಅದಕ್ಕೆ ಬೇಕಾಗಿದ್ದುದು ಹಿಮವಲ್ಲ, ಹುಲ್ಲು. ಹಿಮಯುಗದಲ್ಲಿ ಸ್ಪೇನಿನಿಂದ ಸೈಬೀರಿಯಾವನ್ನು ಹಾಯ್ದು ಕೆನಡಾದವರೆಗೆ ಒಣಚಳಿಯ ಹುಲ್ಲುಗಾವಲು ಹಬ್ಬಿತ್ತು. ಸುಮಾರು 11,700 ವರ್ಷಗಳ ಹಿಂದೆ ಆ ಯುಗ ಮುಗಿಯಿತು. ಸೆಕೆ ಏರಿತು, ತೇವ ಹೆಚ್ಚಿತು. ಹುಲ್ಲಿದ್ದಲ್ಲಿ ಪಾಚಿಯ ಜೌಗು, ಪೊದೆ, ಕೊನೆಗೆ ಕಾಡು. ನೆಲವೇನೋ ಹಸಿರಾಯಿತು, ಮ್ಯಾಮತ್ತಿನ ಮೇವು ಹೋಯಿತು.

“ಹಸಿರು ಹೆಚ್ಚಿದರೆ ಒಳ್ಳೆಯದಲ್ಲವೇ, ತಾತ?”

ಮೇಷ್ಟರು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಮಂಜು ಸರಿದು ಕೆಳಗಿನ ಬಯಲು ಕಾಣತೊಡಗಿತ್ತು. ಅದನ್ನೊಮ್ಮೆ ನೋಡಿ, ಆ ಮಾತನ್ನು ಅಲ್ಲಿಗೇ ಬಿಟ್ಟು ಮುಂದುವರಿದರು.

ಸೆಕೆಯೊಂದೇ ಕೊಂದಿತೆನ್ನುವಂತಿಲ್ಲ. ಅದಕ್ಕೂ ಮೊದಲು, ಸುಮಾರು 1,25,000 ವರ್ಷಗಳ ಹಿಂದೆ, ಲೋಕ ಹೀಗೆಯೇ ಬೆಚ್ಚಗಾದಾಗ ಮ್ಯಾಮತ್ ಉಳಿದುಕೊಂಡಿತ್ತು. ಈ ಸಲ ಈಟಿ ಹಿಡಿದ ಮನುಷ್ಯನೂ ಬಂದಿದ್ದ. ಉಕ್ರೇನಿನ ಮೆಜಿರಿಚ್ ಎಂಬಲ್ಲಿ ಸುಮಾರು 15,000 ವರ್ಷಗಳ ಹಿಂದೆ ಮ್ಯಾಮತ್ತಿನ ಮೂಳೆಗಳಿಂದಲೇ ಕಟ್ಟಿದ ಗುಡಿಸಲುಗಳು ಸಿಕ್ಕಿವೆ. ಆನೆಯ ಜಾತಿಗೆ ಗರ್ಭ ಸುಮಾರು 22 ತಿಂಗಳು, ಹೆರುವುದು ಒಂದೇ ಮರಿ. ಅಂಥ ಸಂತತಿ ಕುಗ್ಗುತ್ತಿರುವಾಗ ವರ್ಷಕ್ಕೆ ನಾಲ್ಕಾರು ಹೆಚ್ಚು ಸತ್ತರೂ ಸಾಕು, ಲೆಕ್ಕ ತಪ್ಪಿಹೋಗುತ್ತದೆ.

ಕಡೆಗೆ ಉಳಿದವು ದ್ವೀಪಗಳಲ್ಲಿ. ಅಲಾಸ್ಕದ ಸೇಂಟ್ ಪಾಲ್ ದ್ವೀಪದವು ಸುಮಾರು 5,600 ವರ್ಷಗಳ ಹಿಂದೆ ಅಳಿದುದು ಕುಡಿಯುವ ನೀರಿಲ್ಲದೆ. ಸುತ್ತಲೂ ಸಮುದ್ರ, ನಡುವಿನ ಸಿಹಿನೀರಿನ ಕೊಳ ಬತ್ತಿತು. ಸೈಬೀರಿಯಾದಾಚೆಯ ರಾಂಗಲ್ ದ್ವೀಪದಲ್ಲಿ ಇನ್ನೂರು ಮುನ್ನೂರರ ಹಿಂಡೊಂದು ಸುಮಾರು 4,000 ವರ್ಷಗಳ ಹಿಂದಿನವರೆಗೂ ಬದುಕಿತ್ತು. ಇಲ್ಲಿ ಸಿಂಧೂ ಕಣಿವೆಯ ನಗರಗಳು ಮೆರೆದು ಇಳಿಮುಖವಾಗುತ್ತಿದ್ದ ಕಾಲ ಅದು.

“ಅಂದರೆ ಒಬ್ಬರು ಕೊಂದದ್ದಲ್ಲ, ಪುಟ್ಟೀ. ಮೊದಲು ನೆಲ ಹೋಯಿತು. ಆಮೇಲೆ ಸಾವಿಗೆ ನೂರು ದಾರಿ.”

“ನಾನು ಕೇಳಿದ್ದಕ್ಕೆ ನೀವು ಹೇಳಲೇ ಇಲ್ಲ,” ಎಂದಳು ಹುಡುಗಿ.

ಮೇಷ್ಟರು ಬಹಳ ಹೊತ್ತು ಮಾತನಾಡಲಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಚಾಚಿಕೊಂಡ ಆ ಕಾಡು, ಒಣ ಬಯಲಿನ ನಡುವೆ ಒಂದು ದ್ವೀಪದಂತೆಯೇ ಕಾಣುತ್ತಿತ್ತು. ಕೊನೆಗೆ ಕೈಚಾಚಿ ಬಯಲನ್ನು ತೋರಿಸಿದರು.

ಅವರು ಹುಡುಗನಾಗಿದ್ದಾಗ ಆ ಬಯಲೆಲ್ಲ ಹುಲ್ಲು. ಮೈಸೂರು ಅರಸರ ಅಮೃತಮಹಲ್ ದನಗಳಿಗೆಂದು ಬಿಟ್ಟ ಕಾವಲುಗಳು ಈ ಸೀಮೆಯಲ್ಲಿ ಎಷ್ಟೋ ಇದ್ದವು. ಒಂದು ದಿನ ಅವರ ತಂದೆ ಹುಲ್ಲಿನ ನಡುವೆ ಬೆರಳಿಟ್ಟು ತೋರಿಸಿದ್ದರು: ಒಂದು ಮೀಟರಿನಷ್ಟು ಎತ್ತರದ ಹಕ್ಕಿ, ಬಿಳಿಯ ಕತ್ತು, ಕರಿಯ ನೆತ್ತಿ, ಯಜಮಾನನು ಹೊಲ ನೋಡಲು ಹೊರಟಂತೆ ಗಂಭೀರವಾದ ನಡಿಗೆ. ಎರೆಭೂತ. ಬರಿನೆಲದ ಮೇಲೆ ಒಂದೇ ಮೊಟ್ಟೆ ಇಡುವ ಹಕ್ಕಿ. ದೂರಕ್ಕೆ ಕಣ್ಣು ಹಾಯದಿದ್ದರೆ ಅದಕ್ಕೆ ಬಾಳ್ವೆಯಿಲ್ಲ.

1982ರ ಮಳೆಗಾಲ. ಮೇಷ್ಟರಿಗಾಗ ಮೂವತ್ತು ತುಂಬಿರಲಿಲ್ಲ. ಶಾಲೆಯ ಮಕ್ಕಳನ್ನು ಸಾಲಾಗಿ ಕರೆದೊಯ್ದು ಅದೇ ಕಾವಲಿನಲ್ಲಿ ನೀಲಗಿರಿ ಸಸಿಗಳನ್ನು ನೆಡಿಸಿದರು. ಹುಲ್ಲುಗಾವಲನ್ನು ಎಲ್ಲರೂ ಬಂಜರೆಂದೇ ಕರೆಯುತ್ತಿದ್ದ ಕಾಲ. ಊರು ಹೊಗಳಿತು, ಪ್ರಶಂಸಾಪತ್ರ ಇಂದಿಗೂ ಗೋಡೆಯ ಮೇಲಿದೆ. ಮರಗಳು ಬೆಳೆದವು. ಹಕ್ಕಿ ಮತ್ತೆ ಕಾಣಲಿಲ್ಲ. ಕೋವಿಯವರೇ ಅದನ್ನು ಮುಗಿಸಿದರೆಂದು ಮೇಷ್ಟರು ಎಷ್ಟೋ ವರ್ಷ ಬೈದರು. ಕೋವಿಯವರ ಪಾಲೂ ಇತ್ತೆನ್ನಿ. ಆದರೆ ರಾಣೆಬೆನ್ನೂರಿನ ಕಥೆಯನ್ನು ಓದಿದ ದಿನ ಅವರಿಗೆ ನಿದ್ದೆ ಬರಲಿಲ್ಲ. 1974ರಲ್ಲಿ ಕೃಷ್ಣಮೃಗಗಳಿಗಾಗಿ ವನ್ಯಧಾಮವಾದ ಆ ನೆಲದ ಬಹುಭಾಗ ನೀಲಗಿರಿಯ ತೋಪಾಗಿತ್ತು. ಒಂದು ಕಾಲಕ್ಕೆ ಅಲ್ಲಿದ್ದ ಎರೆಭೂತ ಈಗಿಲ್ಲ. ಇಡೀ ದೇಶದ ಬಯಲುಗಳಲ್ಲಿ ಉಳಿದಿರುವುದು ನೂರೈವತ್ತಕ್ಕೂ ಕಡಿಮೆಯೆಂದು ಅಂದಾಜು, ಹೆಚ್ಚಿನವು ರಾಜಸ್ಥಾನದಲ್ಲಿ.

“ಹಾಗಾದರೆ ನೀವು ಗಿಡ ನೆಟ್ಟದ್ದು ತಪ್ಪೇ, ತಾತ?”

ನೂರಾರು ಮಕ್ಕಳ ಪುಸ್ತಕಗಳಲ್ಲಿ ಕೆಂಪು ಶಾಯಿಯಿಂದ ತಪ್ಪು ಗುರುತಿಸಿದ ಕೈ ಅದು. ಆ ಮಾತನ್ನು ತಮಗೇ ಹೇಳಿಕೊಳ್ಳಲು ಅವರಿಗೆ ಇಷ್ಟು ವರ್ಷ ಹಿಡಿಯಿತು.

“ತಪ್ಪು, ಪುಟ್ಟೀ. ಈ ಬೆಟ್ಟಕ್ಕೆ ಕಾಡು ಒಪ್ಪುತ್ತದೆ. ಆ ಬಯಲಿಗೆ ಹುಲ್ಲೇ ಒಪ್ಪುವುದು. ಅದು ನನಗೆ ತಿಳಿದಿರಲಿಲ್ಲ. ಮ್ಯಾಮತ್ತನ್ನು ಹೊಡೆದವನಿಗೂ, ತಾನು ಹೊಡೆದದ್ದು ಕೊನೆಯವುಗಳಲ್ಲೊಂದು ಎಂದು ತಿಳಿದಿರಲಾರದು. ಈಗ ನಮಗೆ ತಿಳಿದಿದೆ. ತಿಳಿದ ಮೇಲೂ ಮಾಡಿದರೆ ಅದಕ್ಕೆ ಬೇರೆ ಹೆಸರು.”

ಬಿಸಿಲೇರಿತು, ಇಬ್ಬರೂ ಇಳಿಯತೊಡಗಿದರು. ಅರ್ಧ ದಾರಿಯಲ್ಲಿ ಮೇಷ್ಟರು ಜೇಬಿನ ಕಾಗದವನ್ನು ತೆಗೆದು ಇನ್ನೊಮ್ಮೆ ಓದಿದರು.

“ಹೋಗುವಿರಾ, ತಾತ?”

“ಹೋಗದೆ? ಕರೆದಿದ್ದಾರಲ್ಲ,” ಎಂದರು ಮೇಷ್ಟರು. “ಸಸಿಯನ್ನು ಶಾಲೆಯ ಅಂಗಳದಲ್ಲಿ ನೆಡೋಣ. ಕಾವಲನ್ನು ಹಾಗೆಯೇ ಬಿಡಿರೆಂದು ಕೇಳಬೇಕು. ನೀನೂ ಬಾ, ನನಗೆ ಮಾತು ಹೊರಡದಿದ್ದರೆ ನೀನು ಆ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳು.”