ಮುಟ್ಟಿದರೆ ನೀಲಿಯಾಗುವ ಅಣಬೆಯ ಊರು

ಚೀನಾದ ಕುನ್ಮಿಂಗ್ ನೋಡಬೇಕಂದ್ರೆ ಮಳೆಗಾಲದಲ್ಲೇ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯುನ್ನಾನ್ ಪ್ರಾಂತ್ಯದ ಈ ರಾಜಧಾನಿಯಲ್ಲಿ ಎಲ್ಲೆಲ್ಲೂ ಅಣಬೆಯದೇ ಮಾತು. ಮುಶುಯ್‌ಹುವಾ ಮಾರುಕಟ್ಟೆಗೆ ಕಾಲಿಟ್ಟರೆ ಕಾಡಿನಿಂದ ಬಂದ ಹಳದಿ, ಕಂದು, ಕೆಂಪು ಅಣಬೆಗಳ ರಾಶಿ ರಾಶಿ.

ಇವುಗಳಲ್ಲಿ ಬಹಳಷ್ಟು ಬೊಲೀಟ್ ಅಣಬೆಗಳು. ತಿರುಗಿಸಿ ನೋಡಿದರೆ ಗುರುತು ಸಿಗುತ್ತೆ: ಕೊಡೆಯ ಅಡಿಯಲ್ಲಿ ತೆಳು ಪದರಗಳ ಬದಲು ಸ್ಪಂಜಿನಂಥ ಸಣ್ಣ ತೂತುಗಳು. ಪಾಸ್ತಾಗೆ ಹಾಕುವ ಇಟಲಿಯ ಪೊರ್ಚಿನಿ ಕೂಡ ಇದೇ ಬಳಗ. ಇಟಲಿಯವರು ಅದನ್ನು 'ಹಂದಿಮರಿ' ಅಂತಾರೆ. ಚೀನಾದವರು ಬೊಲೀಟ್‌ಗಳನ್ನು 'ಎತ್ತಿನ ಲಿವರ್ ಅಣಬೆ' ಅಂತಾರೆ. ಜೀವಂತ ಮರದ ಬೇರಿನ ಜೊತೆ ಸೇರಿ ಬೆಳೆಯೋದರಿಂದ, ಇವುಗಳಲ್ಲಿ ಹೆಚ್ಚಿನವನ್ನು ಬಟನ್ ಅಣಬೆ ಥರ ಶೆಡ್‌ನಲ್ಲಿ ಬೆಳೆಸೋಕೆ ಆಗಲ್ಲ. ಮಳೆ ಬರಬೇಕು, ಕಾಡಿಗೇ ಹೋಗಬೇಕು.

ಊರಿನವರಿಗೆ ಅಚ್ಚುಮೆಚ್ಚು 'ಜ್ಯಾನ್‌ಶೌಚಿಂಗ್'. ಕೈ ತಾಗಿದರೆ ನೀಲಿಯಾಗೋದು ಅಂತಲೇ ಹೆಸರಿನ ಅರ್ಥ. ತೆಳ್ಳಗೆ ಹೆಚ್ಚಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಧಾರಾಳ ಎಣ್ಣೆಯಲ್ಲಿ ಹುರಿಯುತ್ತಾರೆ. ಸರಿಯಾಗಿ ಬೇಯದಿದ್ದರೆ? ಪುಟ್ಟ ಪುಟ್ಟ ಮನುಷ್ಯರು ಕಣ್ಣೆದುರು ಓಡಾಡಿದ ಹಾಗೆ ಕಾಣುತ್ತಂತೆ! ತಮಾಷೆಯಲ್ಲ, ಪ್ರತಿ ಮಳೆಗಾಲದಲ್ಲೂ ಆಸ್ಪತ್ರೆ ಸೇರುವವರಿದ್ದಾರೆ. ಇದಕ್ಕೆ ಕಾರಣವಾದ ರಾಸಾಯನಿಕವನ್ನು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. 2023ರ ಜುಲೈನಲ್ಲಿ ಅಮೆರಿಕದ ಆಗಿನ ಹಣಕಾಸು ಸಚಿವೆ ಜಾನೆಟ್ ಯೆಲೆನ್ ಬೀಜಿಂಗ್‌ನಲ್ಲಿ ಇದನ್ನೇ ತಿಂದು ಸುದ್ದಿಯಾಗಿದ್ದರು. ಚೆನ್ನಾಗಿ ಬೆಂದಿತ್ತು, ಅವರಿಗೇನೂ ಆಗಲಿಲ್ಲ.

ಇಷ್ಟೆಲ್ಲ ಅಪಾಯ ಇದ್ದರೂ ಯುನ್ನಾನಿನವರು ಇದನ್ನು ಬಿಟ್ಟಿಲ್ಲ; ಬೇಯೋವರೆಗೆ ಕಾಯೋದನ್ನು ಕಲಿತಿದ್ದಾರೆ. ಅಣಬೆ ಹಾಟ್‌ಪಾಟ್ ಹೋಟೆಲುಗಳಲ್ಲಿ ಟೇಬಲ್ ಮೇಲೆ ಟೈಮರ್ ಇಡುತ್ತಾರೆ. ಸಮಯ ಮುಗಿಯೋವರೆಗೆ ಚಾಪ್‌ಸ್ಟಿಕ್ ಕೂಡ ಕೊಡದವರಿದ್ದಾರೆ! ಜೊತೆಗೆ ಬೇಯಿಸಿದ ಬೆಳ್ಳುಳ್ಳಿ ಕಪ್ಪಾದರೆ ಮಾತ್ರ ಅಣಬೆ ವಿಷ ಅನ್ನೋ ಹಳೇ ನಂಬಿಕೆಯನ್ನು ನೆಚ್ಚಬೇಡಿ ಅಂತ ತಜ್ಞರು ಎಚ್ಚರಿಸುತ್ತಾರೆ. ಇಲ್ಲಿನ ಕಾಡಿನ ಜ್ಞಾನಕ್ಕೆ ದೊಡ್ಡ ಇತಿಹಾಸವೇ ಇದೆ. 15ನೇ ಶತಮಾನದಲ್ಲೇ ಲಾನ್ ಮಾವ್ ಎಂಬ ವಿದ್ವಾಂಸರು ಯುನ್ನಾನಿನ ಔಷಧಿಗಳ ಬಗ್ಗೆ ಗ್ರಂಥ ಬರೆದಿದ್ದರು. ಈಗ ಬೊಲೀಟ್‌ಗಳ ಒಂದು ಕುಲಕ್ಕೆ ಅವರದೇ ಹೆಸರು: ಲಾನ್ಮಾವೋವಾ.

ಅದೇ ಮಾರುಕಟ್ಟೆಯಲ್ಲಿ 'ಜಿಝೋಂಗ್' ಇದೆಯಾ ಅಂತ ಕೇಳಿ. ಬೊಲೀಟ್ ಅಲ್ಲ, ಗೆದ್ದಲಿನ ಗೂಡಿನಿಂದ ಏಳುವ ಅಣಬೆ. ನಮ್ಮ ಮಲೆನಾಡಿನ ಹುತ್ತದಣಬೆಯ ಹತ್ತಿರದ ನೆಂಟ. ನಮ್ಮಲ್ಲಿ ಅಜ್ಜಿಯೋ ಅತ್ತೆಯೋ ನೋಡಿ 'ಹೂಂ' ಅಂದ ಮೇಲೇ ಅಣಬೆ ಪಾತ್ರೆಗೆ ಹೋಗುತ್ತಲ್ಲ, ಆ ಪದ್ಧತಿ ಬಿಡಬೇಡಿ. ಮೊಬೈಲ್ ಆ್ಯಪ್ ತೋರಿಸಿದ ಹೆಸರು ನಂಬಿ ಕಾಡಿನ ಅಣಬೆ ತಿನ್ನೋ ಸಾಹಸ ಮಾತ್ರ ಖಂಡಿತ ಬೇಡ.